ಅಮಾಸೆ ಇಳಿತದ ಗುಳ್ಳೆ

ಕುಮಟೆಯ ಹಳೇ ಹಂಚಿನ ಗೋದಾಮೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಬಟ್ಟೆಚೀಲಗಳಿವೆ. ಒಂದೊಂದೂ ಮುಷ್ಟಿ ಗಾತ್ರದ್ದು. ಒಳಗೆ ಕಲ್ಲಿನ ಚೂರು, ಮರಳು, ಒಣಗಿದ ಜೇಡಿ. ಪ್ರತಿ ಚೀಲದ ಕುತ್ತಿಗೆಗೆ ಒಂದು ಚೀಟಿ, ಚೀಟಿಯ ಮೇಲೆ ಸಮುದ್ರದ ತಳದಿಂದ ಎಷ್ಟು ಮೀಟರ್ ಕೆಳಗಿನದು ಎಂಬ ಲೆಕ್ಕ. ಇವನ್ನು ಕಾಯುವುದು ನನ್ನ ಕೆಲಸ. ಕಾಯಂ ಕೆಲಸ, ರಜೆಯುಂಟು, ಪಿಂಚಣಿಯುಂಟು. ಕಲ್ಲು ಕದಿಯಲು ಯಾರೂ ಬರುವುದಿಲ್ಲ. ಬಂದರೆ ನಾನೇ ನಾಲ್ಕು ಚೀಲ ಹೆಚ್ಚಿಗೆ ಹೊರಿಸಿ ಕಳಿಸಿಯೇನು. ಯಾಕೆಂದರೆ ಆ ಚೀಲಗಳಲ್ಲಿರುವುದು ನನ್ನ ಅಪ್ಪನ ಜಾಗ.

ನನ್ನ ಹೆಸರು ಶನಿಯಾರ. ಹೊನ್ನಾವರದ ತೆಂಕಲಿಗೆ, ಅಪ್ಸರಕೊಂಡದ ಗುಡ್ಡದ ಬುಡದಲ್ಲಿ ನಮ್ಮ ಕೇರಿ. ಅಪ್ಪ ಈರ, ಅವ್ವಿ ದುರ್ಗಿ. ಅಪ್ಪ ಹಿಡಿದ ಮೀನನ್ನು ಅವ್ವಿ ಬುಟ್ಟಿಯಲ್ಲಿ ಹೊತ್ತು ಹೊನ್ನಾವರದ ಪೇಟೆಗೆ ಒಯ್ಯುತ್ತಿದ್ದಳು. ಅಪ್ಪನ ಜಾಗ ಎಂದರೆ, ಗಾಳಿ ಸರಿಯಿದ್ದರೆ ದಡದಿಂದ ಮೂರು ತಾಸಿನ ದಾರಿ, ಹದಿನೆಂಟು ಮಾರು ನೀರು. ಮೂಡಲಿಗೆ ಅಪ್ಸರಕೊಂಡದ ಬೋಳು ನೆತ್ತಿ ಹಿಂದಿನ ಘಟ್ಟದ ಕಚ್ಚಿನೊಳಗೆ ಸರಿಯಾಗಿ ಕೂರಬೇಕು. ಬಡಗಲಿಗೆ ಬಸವರಾಜದುರ್ಗದ ನಡುಗಡ್ಡೆ ಕುಮಟೆ ಕಡೆಯ ಗುಡ್ಡದ ಹೊಟ್ಟೆಗೆ ತಾಗಬೇಕು. ಎರಡೂ ಒಟ್ಟಿಗೆ ಕೂಡಿದಾಗ ಅಪ್ಪ ಸೀಸದ ಗುಂಡನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ. ಗುಂಡಿನ ಅಡಿಯಲ್ಲಿ ಒಂದು ಕುಳಿ, ಕುಳಿಗೆ ಬಾರ್ ಸೋಪಿನ ತುಣುಕು ಮೆತ್ತಿರುತ್ತಿದ್ದ. ಮೇಲೆಳೆದಾಗ ಸೋಪಿಗೆ ತಳದ ರಾಡಿ ಅಂಟಿ ಬರುತ್ತಿತ್ತು. ಅದನ್ನು ಮೂಸಿ, ನಾಲಗೆಯ ತುದಿಗೆ ತಾಗಿಸಿ, ಉಗುಳಿ, "ಆತು" ಎನ್ನುತ್ತಿದ್ದ. ಆಮೇಲೆ ಬಲೆ. ಸಿಗಡಿ, ನಂಗು ಮೀನು, ಕೆಲವು ದಿನ ದೋಣಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು.

ಅಲ್ಲಿ ಗುಳ್ಳೆ ಏಳುತ್ತಿತ್ತು. ನೀರು ಕುದಿದ ಹಾಗೆ ಅಲ್ಲ, ತಳದಲ್ಲಿ ಯಾರೋ ಕೂತು ಒಂದೊಂದೇ ಬಿಡುತ್ತಿರುವ ಹಾಗೆ, ಸಾಲಾಗಿ. ಒಂದು ಥರದ ಕೊಳೆತ ನಾತ.

ನಮ್ಮ ಮನೆತನದಲ್ಲಿ ಮೀನಿನ ಜಾಗದ ಗುರುತನ್ನು ದಡದ ಮೇಲೆ ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಅಪ್ಪ ಮಗನಿಗೆ ಆ ಜಾಗದಲ್ಲೇ, ದೋಣಿಯಲ್ಲಿ ನಿಂತು, ಒಂದು ಸಲ ತೋರಿಸುತ್ತಾನೆ. ಬೆರಳು ಮಾಡುವುದೂ ಇಲ್ಲ, ಹುಟ್ಟಿನ ತುದಿ ಎತ್ತಿ ತೋರಿಸುವುದು. ಅಜ್ಜ ಅಪ್ಪನಿಗೆ ಹಾಗೆ ತೋರಿಸಿದ್ದ, ಅಪ್ಪ ನನಗೆ ಹದಿನಾರನೇ ವಯಸ್ಸಿಗೆ ತೋರಿಸಿದ. ಅದನ್ನು ನಾನು ಇಪ್ಪತ್ತಾರನೇ ವಯಸ್ಸಿಗೆ ಹೊನ್ನಾವರದ ಪ್ರವಾಸಿ ಬಂಗಲೆಯಲ್ಲಿ, ಫ್ಯಾನಿನ ಕೆಳಗೆ ಕೂತು, ಚಹಾ ಕುಡಿಯುತ್ತ ಹೇಳಿದೆ.

ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳುತ್ತೇನೆ.

ಎಪ್ಪತ್ತೆಂಟರಲ್ಲಿ ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿದ ಮೇಲೆ ಒಂದು ಬಿಳಿ ಹಡಗು ಬಂತು. ಹಿಂದೆ ಎರಡೂವರೆ ಕಿಲೋಮೀಟರ್ ಉದ್ದದ ಕೇಬಲ್ಲು ಎಳೆದುಕೊಂಡು, ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ನೀರಿನೊಳಗೆ ಗಾಳಿ ಸಿಡಿಸುತ್ತ, ಭಟ್ಕಳದಿಂದ ಕುಮಟೆಯವರೆಗೆ ಹೋಗುವುದು, ತಿರುಗಿ ಬರುವುದು. ಭೂಮಿಯ ಹೊಟ್ಟೆಯಲ್ಲಿ ಗ್ಯಾಸ್ ಹುಡುಕುವ ಹಡಗು ಅದು. ಕೇಬಲ್ಲಿಗೆ ಮೀನುಗಾರರ ಬಲೆ ಸಿಕ್ಕದಂತೆ ಮುಂದೆ ಮುಂದೆ ಒಂದು ಬೋಟು ಓಡಬೇಕು, ಅದರ ಮೇಲೆ ನಿಂತು ಒಬ್ಬ ಕೂಗಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸು. ಕನ್ನಡ, ಕೊಂಕಣಿ ಎರಡೂ ಬರುತ್ತವೆ. ಭಟ್ಕಳದ ನವಾಯಿತ ಬೋಟಿನವರ ಜೊತೆ ಅವರದೇ ಮಾತಿನಲ್ಲಿ ಜಗಳವಾಡುವಷ್ಟೂ ಬರುತ್ತದೆ. ಹಾಗಾಗಿ ಕೂಗುವ ಕೆಲಸ ನನಗೆ ಸಿಕ್ಕಿತು. ನಮ್ಮವರಿಗೇ "ಬಲೆ ಎತ್ತಿ, ಬಲೆ ಎತ್ತಿ" ಎಂದು ಕೂಗಿ ಕೂಗಿ, ನಮ್ಮವರಿಂದಲೇ ಕೇಳಬಾರದ್ದನ್ನು ಕೇಳಿಸಿಕೊಂಡೆ. ಹಡಗು ಹೋದ ಮೇಲೆ ಹೊನ್ನಾವರದ ಕ್ಯಾಂಪಿನಲ್ಲಿ ದಿನಗೂಲಿಯ ಮೇಲೆ ಉಳಿಸಿಕೊಂಡರು. ಉಳಿಸಿದವರು ತ್ರ್ಯಂಬಕ ಹೆಗಡೆಯವರು.

ಹೆಗಡೆಯವರು ಸಂತೆಗುಳಿಯವರು. ಧಾರವಾಡದಲ್ಲಿ ಓದಿ, ಕಲ್ಲಿನ ಸದ್ದು ಕೇಳುವ ವಿದ್ಯೆ ಕಲಿತವರು. ಆಗ ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು, ಯಾವತ್ತೂ ಕಿವಿಯ ಹಿಂದೊಂದು ಪೆನ್ಸಿಲ್ಲು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆ ಸಿಡಿತದ ಮರುಸದ್ದು ಹಿಡಿದ ಹಡಗಿನ ಟೇಪುಗಳು ಬೊಂಬಾಯಿಗೆ ಹೋಗಿ, ಆರು ತಿಂಗಳ ಮೇಲೆ ಮಾರುದ್ದದ ಕಾಗದದ ಸುರುಳಿಗಳಾಗಿ ತಿರುಗಿ ಬಂದವು. ಅವನ್ನು ಮೇಜಿನ ಮೇಲೆ ಬಿಚ್ಚಿ ಹಿಡಿಯುವುದು, ಹೆಗಡೆಯವರು ತೋರಿಸಿದ ಗೆರೆಗೆ ಬಣ್ಣ ತುಂಬುವುದು ನನ್ನ ಕೆಲಸ. ಕಾಗದದ ತುಂಬ ಕೂದಲೆಳೆಯಂಥ ಕಪ್ಪು ಗೆರೆಗಳು. ಒಂದು ಸುರುಳಿಯಲ್ಲಿ ಮಾತ್ರ, ನಡುವೆ, ಮಸಿ ಚೆಲ್ಲಿದ ಹಾಗೆ ದಟ್ಟ ಕಪ್ಪಿನ ಒಂದು ತುಂಡು.

"ಇದೆಂತ ಸರ್?" ಎಂದು ಕೇಳಿದೆ.

ಅವರು ನನ್ನನ್ನು ಬಸ್ ಸ್ಟ್ಯಾಂಡಿನ ಎದುರಿನ ಸೋಡಾ ಅಂಗಡಿಗೆ ಕರೆದುಕೊಂಡು ಹೋದರು. ಒಂದು ಗ್ಲಾಸಿನಲ್ಲಿ ನೀರು, ಇನ್ನೊಂದರಲ್ಲಿ ಆಗಷ್ಟೇ ಗೋಲಿ ಒತ್ತಿದ ಸೋಡಾ. ಚಮಚದಿಂದ ನೀರಿನ ಗ್ಲಾಸಿಗೆ ಬಡಿದರು, ಟಣ್ ಎಂದಿತು. ಸೋಡಾದ ಗ್ಲಾಸಿಗೆ ಬಡಿದರು. ಮಡಕೆಗೆ ಬಡಿದ ಹಾಗೆ ಸತ್ತ ಸದ್ದು.

"ಗ್ಯಾಸ್ ಇದ್ದಲ್ಲಿ ಸದ್ದು ಕುಂಟ್ತದೆ," ಎಂದರು. "ನೆಲದ ಕೆಳಗೂ ಇಷ್ಟೇಯ. ಮರಳುಕಲ್ಲಿನ ಸಂದಿಯಲ್ಲಿ ನೀರು ತುಂಬಿದ್ರೆ ಸದ್ದು ಸಲೀಸಾಗಿ ಓಡ್ತದೆ. ನೀರಿನ ಬದಲು ಗ್ಯಾಸ್ ಸೇರ್ಕಂಡ್ರೆ ಓಟ ನಿಧಾನ. ಓಟ ಬದಲಾಗೋ ಜಾಗದಲ್ಲಿ ಸದ್ದು ಜೋರಾಗಿ ವಾಪಸ್ ಬತ್ತದೆ. ಕಾಗದದ ಮೇಲೆ ಕಪ್ಪು ಕಂಡಿದ್ದು ಅದು."

"ಅಂದ್ರೆ ಗ್ಯಾಸ್ ಸಿಕ್ತು ಅಂತಾಯ್ತಲ್ಲ ಸರ್!"

ಅವರು ನಕ್ಕು, ಪಟ್ಟಾಂಗ ಹೊಡೆಯುತ್ತ ಹತ್ತು ನಿಮಿಷ ಕಳೆದರು. ಸೋಡಾದ ಗ್ಯಾಸೆಲ್ಲ ಹಾರಿಹೋಗಿ ನಾಲ್ಕು ಗುಳ್ಳೆ ಉಳಿದಿದ್ದವು. ಮತ್ತೆ ಚಮಚದಿಂದ ಬಡಿದರು. ಅದೇ ಸತ್ತ ಸದ್ದು.

"ಈಗ ಹೇಳು ಶನಿಯಾರ, ಇದ್ರಲ್ಲಿ ಎಷ್ಟು ಗ್ಯಾಸಿದೆ? ಸದ್ದು ಕೇಳಿ ಹೇಳ್ಬೇಕು." ನಾನು ಗ್ಲಾಸಿನ ಹತ್ತಿರ ಕಿವಿ ಒಯ್ದೆ. "ಹೇಳೂಕಾಗೂದಿಲ್ಲ. ಒಂದು ತೊಟ್ಟು ಇದ್ರೂ ಅಷ್ಟೇ ಕಪ್ಪು, ಹೊಟ್ಟೆ ತುಂಬ ಇದ್ರೂ ಅಷ್ಟೇ ಕಪ್ಪು. ಅದು ಗೊತ್ತಾಗ್ಬೇಕಾದ್ರೆ ಕಲ್ಲಿನ ತೂಕ ಗೊತ್ತಾಗ್ಬೇಕು. ಹೊಟ್ಟೆ ತುಂಬ ಗ್ಯಾಸಿದ್ದ ಕಲ್ಲು ಹಗುರ. ಆದ್ರೆ ಆರ್ನೂರು, ಏಳ್ನೂರು ಮೀಟರ್ ಕೆಳಗಿನ ಕಲ್ಲನ್ನು ಮೇಲಿಂದ ತೂಗೂಕೆ ತಕ್ಕಡಿ ಎಲ್ಲಿದೆ?"

ಬೊಂಬಾಯಿಯ ದೊಡ್ಡ ಆಫೀಸಿಗೆ ತಕ್ಕಡಿ ಬೇಕಿರಲಿಲ್ಲ, ಬಾವಿ ಬೇಕಿತ್ತು. ಕಪ್ಪು ಕಂಡಿದೆ, ಕೊರೆಯೋಣ ಎಂದು ಅಲ್ಲಿಂದ ಪತ್ರದ ಮೇಲೆ ಪತ್ರ. ಹೆಗಡೆಯವರು ಮಾತ್ರ ಇನ್ನೊಂದು ಸಾಕ್ಷಿ ಸಿಗದೆ ಸಹಿ ಹಾಕುವುದಿಲ್ಲ ಎಂದು ಕೂತಿದ್ದರು. ಆ ಕೆಳಗಿನ ಮರಳಿನಿಂದ ಗ್ಯಾಸು ಸೋರಿ ಮೇಲೆ ಬರುತ್ತಿದ್ದರೆ, ಕೆಳಗೆ ದಂಡಿಯಾಗಿದೆ ಎಂದು ನಂಬಬಹುದು ಎಂಬುದು ಅವರ ಲೆಕ್ಕ.

ಒಂದು ದಿನ ಅವರು ಕಪ್ಪಿನ ಜಾಗವನ್ನು ಸಮುದ್ರದ ನಕಾಶೆಯ ಮೇಲೆ ಗುರುತು ಮಾಡಿದರು. ನಾನು ನಕಾಶೆಯ ಮೇಲೆ ಅಪ್ಸರಕೊಂಡದಿಂದ ಒಂದು ಗೆರೆ, ಬಸವರಾಜದುರ್ಗದಿಂದ ಒಂದು ಗೆರೆ ಮನಸ್ಸಿನಲ್ಲೇ ಎಳೆದು ನೋಡಿದೆ. ಎರಡೂ ಅಲ್ಲೇ ಕೂಡಿದವು. ಅದು ನಮ್ಮ ಜಾಗ. ಅಪ್ಪನ ಗುಳ್ಳೆ ಏಳುವ ಜಾಗ.

ಎರಡು ದಿನ ಬಾಯಿ ಕಟ್ಟಿಕೊಂಡಿದ್ದೆ. ಮೂರನೇ ದಿನ, ಬೊಂಬಾಯಿಯ ದೊಡ್ಡ ಸಾಹೇಬರು ಬರುವವರಿದ್ದಾರೆ, ಕ್ಯಾಂಪಿನಿಂದ ಒಬ್ಬನನ್ನು ಕಾಯಂ ಮಾಡುತ್ತಾರಂತೆ ಎಂಬ ಸುದ್ದಿ ಬಂತು. ನಾನು ಮನೆಗೆ ಹೋಗಿ ಅಪ್ಪನ ಮುಂದೆ ಕೂತೆ. ಅಪ್ಪ ಅಂಗಳದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ. ಎಲ್ಲ ಕೇಳಿಸಿಕೊಂಡು, ಬಲೆಯ ಇನ್ನೊಂದು ಕಣ್ಣಿಗೆ ಗಂಟು ಹಾಕಿದ.

"ಹೇಳ್ದ್ರೆ ನಿಂಗೆ ಕೆಲ್ಸ ಆತದ್ಯಾ?"

"ಆತದೆ ಅಪ್ಪ."

"ಹಂಗಾದ್ರೆ ಹೇಳು. ಆದ್ರೆ ಪೂರ್ತಿ ಹೇಳು. ಗುಳ್ಳೆ ದಿನಾ ಏಳೂದಿಲ್ಲ. ಅಮಾಸೆ, ಹುಣ್ಣಿಮೆ, ದೊಡ್ಡ ಇಳಿತಕ್ಕೆ ಮಾತ್ರ ಏಳ್ತದೆ. ಮೇಲೆ ನೀರಿನ ಭಾರ ಕಮ್ಮಿ ಆತು ಅಂದ್ರೆ ತಳದ ರಾಡಿ ಉಸ್ರು ಬಿಡ್ತದೆ, ಅಷ್ಟೇಯ. ಹೊಳೆ ತಂದು ಹಾಕಿದ ಸೊಪ್ಪು ಸದೆ ಕೊಳ್ತು ಬಂದ ಗಾಳಿ ಅದು. ನಾ ಮೂಸಿ ನೋಡದ್ದಾ? ಇಷ್ಟು ಹೇಳಿದ್ಮೇಲೆ ಓದ್ದವ್ರು ಅಲ್ಲಿ ತೂತು ಕೊರೂಕೆ ಬತ್ರಾ? ನಿಂಗೆ ಕೆಲ್ಸನೂ ಆತು, ನಮ್ಮ ಜಾಗನೂ ಉಳೀತು."

ಅವ್ವಿ ಒಳಗಿನಿಂದ, "ಗುರ್ತು ದಡದ ಮೇಲೆ ಹೇಳೂದಲ್ಲ ಅಂತಿದ್ರಿ," ಎಂದಳು.

"ಮಗ ಅಲ್ದಾ ಹೇಳೂದು," ಎಂದ ಅಪ್ಪ.

ಅಪ್ಪ ಓದಿದವನಲ್ಲ. ಆದರೆ ಹೆಗಡೆಯವರು ಆರು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಆ ಅಂಗಳದಲ್ಲಿ ಆ ಸಂಜೆಯೇ ಸಿಕ್ಕಿತ್ತು. ಗುಳ್ಳೆ ಇಳಿತಕ್ಕೆ ಮಾತ್ರ ಏಳುತ್ತದೆ ಎಂದರೆ ಗ್ಯಾಸು ಇರುವುದು ಮೇಲಿನ ರಾಡಿಯಲ್ಲಿ. ಕೆಳಗಿನ ಮರಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೆಳಗಿನದು ಒಂದು ತೊಟ್ಟೂ ಇರಬಹುದು. ಅಷ್ಟು ತಿಳಿಯುವಷ್ಟು ನಾನೂ ಕಲಿತಿದ್ದೆ. ತಿಳಿಯದೆ ಮಾಡಿದೆ ಎಂದು ಯಾರ ಹತ್ತಿರವೂ ಹೇಳುವಂತಿಲ್ಲ.

ಮರುದಿನ ಹೆಗಡೆಯವರ ಹತ್ತಿರ, ಆ ಕಪ್ಪಿನ ಜಾಗದಲ್ಲಿ ಗುಳ್ಳೆ ಏಳುತ್ತದೆ ಎಂದಷ್ಟೇ ಹೇಳಿದೆ. ದೊಡ್ಡ ಸಾಹೇಬರು ಬಂದರು. ಪ್ರವಾಸಿ ಬಂಗಲೆಯಲ್ಲಿ ಸಭೆ. ಹೆಗಡೆಯವರು ನನ್ನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, "ಗುಳ್ಳೆ ವಿಷಯ ಹೇಳು," ಎಂದರು. ನಾನು ಗುರುತು ಹೇಳಿದೆ, ಮಾರು ಹೇಳಿದೆ, ನಾತ ಹೇಳಿದೆ. ಅವರು ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಸಾಹೇಬರ ಮುಖ ಅರಳುತ್ತ ಹೋಯಿತು. ಆಗ ಹೆಗಡೆಯವರು ಪೆನ್ಸಿಲ್ಲನ್ನು ಕಿವಿಯ ಹಿಂದಿನಿಂದ ತೆಗೆದು ನನ್ನ ಕಡೆ ತಿರುಗಿದರು.

"ಯಾವಾಗ್ಲೂ ಏಳ್ತದೆಯಾ? ಭರತಕ್ಕೂ ಇಳಿತಕ್ಕೂ?"

ಅವರು ಕೇಳಿದರು. ಬಾಯಿಬಿಟ್ಟು, ಸ್ಪಷ್ಟವಾಗಿ, ಕನ್ನಡದಲ್ಲಿ ಕೇಳಿದರು. ಕೇಳಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ನಾನು ಸಾಹೇಬರ ಮುಖ ನೋಡಿದೆ. ಮೇಜಿನ ಮೇಲೆ ಒಂದು ಫೈಲಿತ್ತು, ಫೈಲಿನ ಮೇಲೆ ನನ್ನ ಹೆಸರಿತ್ತು. ಗುಳ್ಳೆ ಬರೀ ಕೊಳೆತ ಸೊಪ್ಪಿನದು ಎಂದು ಹೇಳಿದವನನ್ನು ಯಾವ ಆಫೀಸು ಕಾಯಂ ಮಾಡುತ್ತದೆ ಎಂದು ಆ ಕ್ಷಣಕ್ಕೆ ಅನಿಸಿತು.

"ಎರಡಕ್ಕೂ ಸರ್. ಯಾವಾಗ್ಲೂ," ಎಂದೆ.

ನೋಡಿಯೇ ಬರೋಣ ಎಂದರು ಸಾಹೇಬರು. ದಿನ ಗೊತ್ತು ಮಾಡಿದವನು ನಾನು. ಗುರುವಾರ ಅಮಾಸೆ. ಬೆಳಿಗ್ಗೆಯ ಅಲೆಗೆ ಸಾಹೇಬರಿಗೆ ವಾಂತಿಯಾಗುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಗಾಳಿ ಹಿತವಾಗಿರುತ್ತದೆ ಎಂದೆಲ್ಲ ಹೇಳಿ, ಸಂಜೆ ನಾಲ್ಕೂವರೆಗೆ ಸರಿಯಾಗಿ ಬೋಟನ್ನು ಜಾಗದ ಮೇಲೆ ನಿಲ್ಲಿಸಿದೆ. ನೀರು ಪೂರ್ತಿ ಇಳಿದಿತ್ತು. ಗುಳ್ಳೆ ಎದ್ದವು. ನನ್ನ ಜನ್ಮದಲ್ಲಿ ಅಷ್ಟು ಗುಳ್ಳೆ ನೋಡಿರಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿದರು. ಹೆಗಡೆಯವರು ಬೋಟಿನ ಅಂಚಿಗೆ ಒರಗಿ ನೀರು ನೋಡುತ್ತಿದ್ದವರು, "ಇವತ್ತು ಅಮಾವಾಸ್ಯೆ ಅಲ್ದಾ?" ಎಂದರು.

"ಹೌದು ಸರ್. ಹುಣ್ಣಿಮೆ ಅಮಾಸೆ ಅಂತ ಇಲ್ಲ, ದಿನಾ ಹಿಂಗೇಯ."

"ಮತ್ತೊಂದು ದಿನ ಬಂದು ನೋಡ್ಬೇಕಿತ್ತು," ಎಂದರು. ಸಾಹೇಬರಿಗೆ ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಹೆಗಡೆಯವರು ನನ್ನ ಮುಖವನ್ನೇ ನೋಡಿ, "ಆತು. ನೀನು ಇಲ್ಲೇ ಹುಟ್ಟಿ ಬೆಳೆದವ. ನಿನ್ನ ಕಣ್ಣು ನಂಬ್ತೆ," ಎಂದರು. ಅವತ್ತೇ ರಾತ್ರಿಯೂಟಕ್ಕೆ ಮೊದಲು ಸಹಿ ಹಾಕಿದರು.

ಮನೆಗೆ ಬಂದಾಗ ಅಪ್ಪ ಕಾಯುತ್ತಿದ್ದ.

"ಪೂರ್ತಿ ಹೇಳ್ದ್ಯಾ?"

"ಹೇಳ್ದೆ."

"ಇಳಿತದ್ದು?"

"ಅದೂ ಹೇಳ್ದೆ. ಅವ್ರು ಬರ್ಕಂಡ್ರು."

ಕಾಯಂ ಆದ ಆರ್ಡರು ಹದಿನೈದು ದಿನದಲ್ಲಿ ಬಂತು. ಅವ್ವಿ ಕೇರಿಗೆಲ್ಲ ಪಂಚಕಜ್ಜಾಯ ಹಂಚಿದಳು.

ಎಂಬತ್ತೊಂದರ ನವೆಂಬರಿನಲ್ಲಿ ಕಬ್ಬಿಣದ ಗೋಪುರ ಬಂತು. ಮೂರು ಕಾಲಿನ ಮೇಲೆ ನಿಂತು, ಹಗಲು ಕೆಂಪು ಬಿಳಿ ಬಣ್ಣ, ಕತ್ತಲಾದರೆ ಮೈತುಂಬ ದೀಪ. ಅದರ ಸುತ್ತ ದೋಣಿ ಹೋಗಬಾರದೆಂದು ಡಂಗುರ ಹೊಡೆಸಿದರು. ಸಂಜೆ ಸಂಜೆ ಊರಿನವರು ದಂಡೆಯ ಮೇಲೆ ಕೂತು ಅದರ ತುದಿಯಲ್ಲಿ ಬೆಂಕಿ ಯಾವಾಗ ಹತ್ತುತ್ತದೆ ಎಂದು ನೋಡುತ್ತಿದ್ದರು. ಗ್ಯಾಸು ಸಿಕ್ಕಿದರೆ ಬೆಂಕಿ ಹಚ್ಚಿ ನೋಡುತ್ತಾರಂತೆ, ಆಮೇಲೆ ಹೊನ್ನಾವರಕ್ಕೆ ಕಾರ್ಖಾನೆ ಬರುತ್ತದಂತೆ, ಮನೆಮನೆಗೆ ನಳದ ಹಾಗೆ ಒಲೆಗೆ ಗ್ಯಾಸು ಬರುತ್ತದಂತೆ. ಮಿರ್ಜಾನದಿಂದ ಬಂದ ನಮ್ಮ ನೆಂಟನೊಬ್ಬ ನಿವೇಶನ ಕೊಳ್ಳುವ ಮಾತು ಕೂಡ ಆಡಿದ.

ಅಪ್ಪ ದಂಡೆಗೆ ಬರಲಿಲ್ಲ. "ಹೇಳಿದ್ರೂ ಕೇಳ್ಲಿಲ್ವಲ್ಲ ಬೇವರ್ಸಿಗಳು," ಎಂದ, ಅಷ್ಟೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬದಲಿಗೆ ಕೇರಿಯಲ್ಲಿ ಯಾರಾದರೂ, "ಈರನ ಮಗನೇ ಜಾಗ ತೋರ್ಸಿದ್ನಂತೆ," ಎಂದರೆ ಜಗಳಕ್ಕೇ ನಿಲ್ಲುತ್ತಿದ್ದ. "ನನ್ನ ಮಗ ಎಲ್ಲ ಹೇಳಿದ್ದ! ಇಳಿತದ್ದೂ ಹೇಳಿದ್ದ! ಆ ಹೆಗಡೆ ಕಿವಿಗೆ ಹಾಕ್ಕಳ್ಳಿಲ್ಲ!"

ನಾಲ್ಕು ತಿಂಗಳಾದರೂ ಬೆಂಕಿ ಹತ್ತಲಿಲ್ಲ. ಏಳುನೂರ ನಲವತ್ತು ಮೀಟರಿನಲ್ಲಿ ಮರಳುಕಲ್ಲು ಸಿಕ್ಕಿತು. ಒಳ್ಳೆಯ ಕಲ್ಲೇ. ಅದರ ಸಂದಿಗಳ ತುಂಬ ಉಪ್ಪುನೀರು, ನೀರಿನಲ್ಲಿ ಒಂದು ತೊಟ್ಟು ಗ್ಯಾಸು. ಸೋಡಾ ಅಂಗಡಿಯ ಎರಡನೇ ಗ್ಲಾಸು. ಬಾವಿಗೆ ಸಿಮೆಂಟು ತುಂಬಿ, ಗೋಪುರವನ್ನು ಎಳೆದುಕೊಂಡು ಹೋದರು.

ಗೋಪುರ ಹೋದರೂ ಜಾಗ ನಮಗೆ ವಾಪಸು ಬರಲಿಲ್ಲ. ಅಪ್ಪ ಜೀವವಿಡೀ ಬಾಯಿಬಿಡದ ಜಾಗದ ಮೇಲೆ ನಾಲ್ಕು ತಿಂಗಳು ದೀಪ ಹಚ್ಚಿ ನಿಲ್ಲಿಸಿದ್ದರು. ಭಟ್ಕಳದಿಂದ ಹಿಡಿದು ತದಡಿಯವರೆಗಿನ ಟ್ರಾಲ್ ಬೋಟಿನವರು ಅದರ ಸುತ್ತ ಬಲೆ ಎಳೆದು, ಸಿಗಡಿ ಕಂಡು, ತಮ್ಮ ತಮ್ಮ ಗುರುತು ಮಾಡಿಕೊಂಡಿದ್ದರು. ಎರಡು ವರ್ಷದಲ್ಲಿ ತಳ ಕೆರೆದು ಕೆರೆದು ಬೋಳಾಯಿತು. ಅಪ್ಪ ಕೊನೆಯ ಸಲ ಹೋದಾಗ ನಾನೂ ಜೊತೆಗಿದ್ದೆ. ಗುಂಡು ಇಳಿಸಿದ. ಸೋಪಿಗೆ ಸಿಮೆಂಟಿನಂಥ ಬೂದಿ ಬಣ್ಣದ ಹಿಟ್ಟು ಅಂಟಿ ಬಂತು. ಮೂಸಿದ, ನಾಲಗೆಗೆ ತಾಗಿಸಲಿಲ್ಲ. ಹಾಕಿದ ಬಲೆ ತಳದಲ್ಲಿ ಯಾವುದೋ ಕಬ್ಬಿಣಕ್ಕೆ ಸಿಕ್ಕಿ ಅರ್ಧ ಹರಿದು ಬಂತು. ಅವತ್ತು ಹುಣ್ಣಿಮೆ. ಗುಳ್ಳೆಗಳು ಮಾತ್ರ ಎಂದಿನಂತೆ ಸಾಲಾಗಿ ಏಳುತ್ತಿದ್ದವು.

ಆ ಮಳೆಗಾಲಕ್ಕೆ ದಡಕ್ಕೆ ಎಳೆದ ದೋಣಿಯನ್ನು ಅಪ್ಪ ಮತ್ತೆ ಇಳಿಸಲಿಲ್ಲ. ಬೇರೆಯವರ ಬಲೆ ರಿಪೇರಿ ಮಾಡುತ್ತ ಅಂಗಳದಲ್ಲಿ ಕೂತ.

ಹೆಗಡೆಯವರ ಮೇಲೆ ವಿಚಾರಣೆಯಾಯಿತು. ಕಪ್ಪು ಕಂಡ ಮಾತ್ರಕ್ಕೆ ನಂಬಬಾರದು ಎಂದು ತಾವೇ ಬರೆದವರು ಕೊನೆಗೆ ಹೇಗೆ ಸಹಿ ಹಾಕಿದಿರಿ ಎಂದು ಕೇಳಿದರಂತೆ. ಅವರು ನನ್ನ ಹೆಸರು ಹೇಳಲಿಲ್ಲ. ನಾನೇ ನೋಡಿ ನಂಬಿದೆ ಎಂದರಂತೆ. ಅವರನ್ನು ಎಲ್ಲಿಯದೋ ಮರುಭೂಮಿಯ ಉಗ್ರಾಣಕ್ಕೆ ಹಾಕಿದರು. ಚಪ್ಪಾಳೆ ತಟ್ಟಿದ ಸಾಹೇಬರಿಗೆ ಬಡ್ತಿ ಸಿಕ್ಕಿತು. ನನಗೆ ಆ ಬಾವಿಯ ಕಲ್ಲುಚೂರಿನ ಈ ಗೋದಾಮು ಸಿಕ್ಕಿತು.

ಎಂಬತ್ತೈದರ ಮೇ ತಿಂಗಳು. ಮಧ್ಯಾಹ್ನ ಗೋದಾಮಿನ ಬಾಗಿಲಲ್ಲಿ ಒಬ್ಬರು ಛತ್ರಿ ಮಡಚುತ್ತ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿವಿಯ ಹಿಂದೆ ಪೆನ್ಸಿಲ್ಲಿರಲಿಲ್ಲ. ಹಾಗಾಗಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಸಂತೆಗುಳಿಗೆ ಹೊರಟಿದ್ದೆ," ಎಂದರು ಹೆಗಡೆಯವರು. "ಏಳ್ನೂರ ನಲವತ್ತರ ಚೀಲ ಇದ್ಯಾ?"

ತಂದುಕೊಟ್ಟೆ. ಅಂಗೈಗೆ ಸುರಿದುಕೊಂಡು ಬೆರಳಲ್ಲಿ ಹರಡಿ ನೋಡಿದರು. "ಮರಳು ಚಲೋನೇ ಇತ್ತು," ಎಂದರು. ಆಮೇಲೆ, "ಶನಿಯಾರ, ನಾನು ಗುಳ್ಳೆ ನಂಬಿದೆ. ಒಂದೇ ದಿನ ನೋಡಿ ನಂಬಿದ್ದು ನನ್ನ ತಪ್ಪು. ಅದರಲ್ಲಿ ನಿನ್ನ ಅಪ್ಪನ ಜಾಗ ಹೋತು. ಅವನ್ನ ಕಂಡು ಒಂದು ಮಾತು ಹೇಳ್ಬೇಕು ಅಂತ ಮೂರು ವರ್ಷದಿಂದ ಮನಸ್ಸಲ್ಲಿದೆ."

"ಅಪ್ಪ ಮನೇಲಿಲ್ಲ ಸರ್."

"ಬರೂವರೆಗೆ ಕೂತ್ಕತ್ತೆ."

"ಹುಷಾರಿಲ್ಲ ಸರ್. ಮಾತಾಡೂದಿಲ್ಲ ಯಾರ ಹತ್ರನೂ."

"ಹುಷಾರಿಲ್ದೇ ಇದ್ರೆ ಮತ್ತೂ ನೋಡ್ಬೇಕು," ಎಂದು ಛತ್ರಿ ಎತ್ತಿಕೊಂಡರು. ಮನೆಯಲ್ಲಿಲ್ಲದವನಿಗೆ ಹುಷಾರಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ್ದೆ. ಅವರು ಅದನ್ನೂ ಗಮನಿಸಲಿಲ್ಲ, ಅಥವಾ ಗಮನಿಸಿದರೂ ಹೇಳಲಿಲ್ಲ. ಹೊನ್ನಾವರದ ಮೇಲೆ ಹೋಗುವ ಬಸ್ಸಿನಲ್ಲಿ 'ಬಸ್ಸು ಕೆಟ್ಟು ನಿಲ್ಲಲಿ' ಎಂದು ನಾನು ಬೇಡಿಕೊಳ್ಳದ ದೇವರಿಲ್ಲ. ಶರಾವತಿಯ ಸೇತುವೆ ದಾಟಿ ಬಸ್ಸು ಸುಸೂತ್ರವಾಗಿ ಬಂದು ನಿಂತಿತು.

ಅಪ್ಪ ಅಂಗಳದಲ್ಲೇ ಇದ್ದ. ಹೆಗಡೆಯವರು ಚಪ್ಪಲಿ ಬಿಟ್ಟು, ಯಾರೂ ಚಾಪೆ ಹಾಸದೆ ಇದ್ದರೂ ಜಗಲಿಯ ಅಂಚಿನಲ್ಲಿ ಕೂತು ಕೈ ಮುಗಿದರು. "ಈರ, ನಾನು ತ್ರ್ಯಂಬಕ ಹೆಗಡೆ. ನಿನ್ನ ಜಾಗ ಹಾಳಾಗೂಕೆ ನಾನೇ ಕಾರಣ. ತಪ್ಪಾತು ಹೇಳೂಕೆ ಬಂದೆ." ಬಿಸಿಲಲ್ಲಿ ನಡೆದು ಅವರ ಬಾಯಿ ಒಣಗಿತ್ತು. ಅವ್ವಿಯ ಕಡೆ ನೋಡಿ, "ಒಂಚೂರು ನೀರು ಕೊಡ್ತ್ಯಾ ತಾಯಿ?" ಎಂದರು. ಅವರಂಥವರು ನಮ್ಮ ಕೇರಿಯಲ್ಲಿ ನೀರು ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವ್ವಿ ಗಡಬಡಿಸಿ ಒಳಗೆ ಓಡಿದಳು.

ಅಪ್ಪ ಬಲೆಯ ಸೂಜಿ ಕೆಳಗಿಟ್ಟ.

"ನೀರು ಆಮೇಲೆ. ಮೊದ್ಲು ನಾ ಕೇಳಿದ್ದಕ್ಕೆ ಹೇಳಿ ಹೆಗಡೇರೆ. ಆ ಗುಳ್ಳೆ ಅಮಾಸೆ ಹುಣ್ಣಿಮೆ ಇಳಿತಕ್ಕೆ ಮಾತ್ರ ಏಳೂದು, ಅದು ಬರೀ ಮೇಲಿನ ರಾಡಿ ಗಾಳಿ ಅಂತ ನನ್ನ ಮಗ ನಿಮ್ಗೆ ಹೇಳಿದ್ನೋ ಇಲ್ವೋ?"

ಹೆಗಡೆಯವರು ಅಪ್ಪನನ್ನು ನೋಡಿದರು. ಆಮೇಲೆ ಮೆಲ್ಲಗೆ ತಲೆ ತಿರುಗಿಸಿ ನನ್ನನ್ನು ನೋಡಿದರು. ಅಮಾಸೆಯ ಆ ಸಂಜೆ, ಊಟವಾದ ಮೇಲೆ ಹೊರಡೋಣ ಎಂದ ನನ್ನ ಒತ್ತಾಯ, ದಿನಾ ಹಿಂಗೇಯ ಎಂದ ನನ್ನ ಮಾತು, ಎಲ್ಲ ಅವರ ಕಣ್ಣಿನಲ್ಲಿ ಒಂದೊಂದಾಗಿ ಕೂಡಿಬಂದದ್ದು ನನಗೆ ಕಂಡಿತು. ಗುರುತು ಕೂಡಿದ ಹಾಗೆ. ಇಷ್ಟು ವರ್ಷ ತಮ್ಮ ತಪ್ಪು ಎಂದುಕೊಂಡದ್ದು ಯಾರದೆಂದು ಅವರಿಗೆ ಗೊತ್ತಾದದ್ದು ಆಗ. ಹೇಳಿಬಿಡಲಿ ಎಂದೂ ಅನಿಸಿತು, ಹೇಳದೆ ಇರಲಿ ಎಂದೂ ಅನಿಸಿತು.

"ಹೇಳಿದ್ದ ಈರ," ಎಂದರು ಹೆಗಡೆಯವರು. "ನಾನೇ ಕಿವಿಗೆ ಹಾಕ್ಕಳ್ಳಿಲ್ಲ."

ಅವ್ವಿ ಚೊಂಬು ಹಿಡಿದು ಬಾಗಿಲಿಗೆ ಬಂದಿದ್ದಳು. ಅಪ್ಪ ಕೈ ಅಡ್ಡ ಹಿಡಿದ.

"ಒಳಗೆ ತಕಂಡು ಹೋಗೇ. ಹೇಳಿದ್ದು ಕೇಳಿಯೂ ಕೊರ್ಸಿದವ್ನಿಗೆ ಈ ಮನೇಲಿ ನೀರಿಲ್ಲ."

ಅವ್ವಿ ನನ್ನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಅಪ್ಪ, ಅವರಲ್ಲ, ನಾನು ಎಂದಿದ್ದರೆ ಮುಗಿಯುತ್ತಿತ್ತು. ನಾನು ಅಂಗಳದ ಮೂಲೆಯ ಹರಿದ ಬಲೆಯನ್ನು ನೋಡುತ್ತ ನಿಂತೆ. ಹೆಗಡೆಯವರು ಎದ್ದು, ಅಪ್ಪನಿಗೆ ಇನ್ನೊಮ್ಮೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡರು.

ಬಸ್ಸಿನ ರಸ್ತೆಯವರೆಗೆ ಅವರ ಹಿಂದೆ ನಡೆದೆ. ಏನೋ ಹೇಳಬೇಕೆಂದು ಬಾಯಿ ತೆರೆದಾಗ ಅವರು ಛತ್ರಿಯನ್ನು ಅಡ್ಡ ಹಿಡಿದರು.

"ಎಂತದೂ ಹೇಳ್ಬೇಡ. ನಿನಗೋಸ್ಕರ ಅಂದಿದ್ದಲ್ಲ. ಅವನ ಜಾಗ ಅಂತೂ ಹೋತು. ಮಗನಾದ್ರೂ ಉಳೀಲಿ ಅಂತ ಅಂದೆ." ಬಸ್ಸು ಬಂತು. ಹತ್ತಿದರು. ತಿರುಗಿ ನೋಡಲಿಲ್ಲ.

ಮನೆಗೆ ಬಂದರೆ ಅಪ್ಪನ ಮುಖದಲ್ಲಿ ಮೂರು ವರ್ಷದಿಂದ ಕಾಣದ ಕಳೆಯಿತ್ತು. "ನೋಡಿದ್ಯಾ? ಒಪ್ಕಂಡ. ಎಷ್ಟಾದ್ರೂ ದೊಡ್ಡ ಮನೆತನದವ, ಮುಖಾಮುಖಿ ಸುಳ್ಳು ಹೇಳೂಕೆ ಬಾಯಿ ಬರ್ಲಿಲ್ಲ ಅವ್ನಿಗೆ." ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಸೀಸದ ಗುಂಡನ್ನು ತಂದು ನನ್ನ ಕೈಗಿಟ್ಟ. ಅದು ಅಜ್ಜನದು. ಜಾಗದ ಗುರುತು ಬಲ್ಲ ಮಗನಿಗೆ ಕೊನೆಗೆ ಕೊಡುವುದು. "ಇದು ನಿಂದು. ನಿನ್ನ ಮೇಲೆ ಕೇರಿಯವ್ರು ಎಂತೆಂತದೋ ಅಂದ್ರು. ನಾ ಒಂದಿನಾನೂ ನಂಬ್ಲಿಲ್ಲ."

ಎರಡೂ ಕೈ ಚಾಚಿ ತೆಗೆದುಕೊಂಡೆ. ಭಾರವಾಗಿತ್ತು.

ಗುಂಡು ಈಗ ಗೋದಾಮಿನ ಮೇಜಿನ ಮೇಲಿದೆ. ಚೀಲಗಳ ಪಟ್ಟಿಯ ಹಾಳೆಗಳು ಗಾಳಿಗೆ ಹಾರದಂತೆ ಅದನ್ನು ಮೇಲಿಟ್ಟಿದ್ದೇನೆ. ಅಡಿಯ ಕುಳಿಯಲ್ಲಿ ಅಪ್ಪ ಮೆತ್ತಿದ ಸೋಪು ಇನ್ನೂ ಇದೆ, ಅದರ ಮೇಲೆ ಆ ಬೂದಿ ಹಿಟ್ಟೂ ಇದೆ. ರವಿವಾರ ಮನೆಗೆ ಹೋದಾಗಲೆಲ್ಲ ಅಪ್ಪ, "ಗುಂಡು ಜಾಗ್ರತಿ ಇಟ್ಕಂಡಿದ್ಯಾ?" ಎಂದು ಕೇಳುತ್ತಾನೆ. "ಇಟ್ಕಂಡಿದ್ದೆ ಅಪ್ಪ," ಎನ್ನುತ್ತೇನೆ. ನಾನು ಅವನಿಗೆ ಹೇಳುವ ಮಾತುಗಳಲ್ಲಿ ನಿಜ ಅದೊಂದೇ.